ಸಾಲು ಕೊಡುವವರ ಊರಿನಲ್ಲಿ

ಭಾಲ್ಕಿ

ಅಮೆರಿಕಕ್ಕೆ ಹೋಗಿಬಂದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವುದು ಎರಡೇ ಮಾತು. ಚಳಿ ಎಷ್ಟಿತ್ತು? ಆ ದೊಡ್ಡ ಮೂರ್ತಿ ನೋಡಿದಿರಾ? ಚಳಿ ಇರಲಿಲ್ಲ, ಬೆವರಿನಲ್ಲಿ ಮಿಂದೆ. ಮೂರ್ತಿ ಇರುವ ಊರಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನಾನು ಹೋದದ್ದು ದಕ್ಷಿಣದ ಒಂದು ಸಣ್ಣ ಊರಿಗೆ, ಅಲ್ಲಿಯ ಶಾಲೆಯಲ್ಲಿ ಕೆಲವು ವಾರ ಕೂತು ಪಾಠ ನೋಡಲು. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಶಿಕ್ಷಕರನ್ನು ಅದಲುಬದಲು ಮಾಡುವ ಒಂದು ಯೋಜನೆಯಲ್ಲಿ ನನ್ನ ಹೆಸರು ಬಂತು.

ಹೆಸರು ಬಂದಾಗ ಖುಷಿಯಾಗಬೇಕಿತ್ತು. ಆದರೆ ಅವ್ವನಿಗೆ ಲಕ್ವಾ ಹೊಡೆದು ಒಂದು ವರ್ಷವೂ ಆಗಿರಲಿಲ್ಲ. ಬಲಗೈ, ಬಲಗಾಲು ನಿಧಾನಕ್ಕೆ ಸರಿಯಾದವು. ಮಾತು ಮಾತ್ರ ಹೋಯಿತು. ತಿಳಿಯುವುದೆಲ್ಲ ತಿಳಿಯುತ್ತದೆ, ಹೇಳಲು ಬರುವುದಿಲ್ಲ. ಬೀದರಿನ ಡಾಕ್ಟರು ಚಿತ್ರದ ಕಾರ್ಡು ಕೊಟ್ಟು ದಿನಾ ಅಭ್ಯಾಸ ಮಾಡಿಸಿ ಎಂದಿದ್ದರು. ನೀರಿನ ಲೋಟದ ಚಿತ್ರ ತೋರಿಸಿ ‘ನೀರು ಅನ್ನವ್ವ’ ಎಂದರೆ ಅವಳ ತುಟಿ ಅಲುಗುತ್ತಿತ್ತು, ಕಣ್ಣು ತುಂಬುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಕೊನೆಗೆ ಕಾರ್ಡು ಕಂಡರೆ ಮುಖ ತಿರುಗಿಸತೊಡಗಿದಳು.

ನನ್ನವ್ವ ಮೂಗಿಯಾಗಲು ಹುಟ್ಟಿದವಳಲ್ಲ. ಕಮಠಾಣದ ಮಗಳು, ಸಾಯಗಾಂವದ ಸೊಸೆ. ಎರಡೂ ಊರಿನಲ್ಲಿ ಮದುವೆ, ತೊಟ್ಟಿಲು, ಬೀಸುವುದು, ಕುಟ್ಟುವುದು ಏನಿದ್ದರೂ ಹಾಡಿಗೆ ಅವಳೇ ಮುಂದು. ಅವಳು ಸಾಲು ಎತ್ತಿ ಕೊಡುತ್ತಿದ್ದಳು, ಉಳಿದವರು ಹಿಂದೆ ಅನ್ನುತ್ತಿದ್ದೆವು. ನಾನಂತೂ ಹುಟ್ಟಾ ಹಿಂದೆ ಅನ್ನುವವಳು. ಹೋಮ್‌ವರ್ಕ್ ಬರೆಯುತ್ತಲೂ ಅನ್ನುತ್ತಿದ್ದೆ, ತೂಕಡಿಸುತ್ತಲೂ ಅನ್ನುತ್ತಿದ್ದೆ.

ಔರಾದಿನಿಂದ ತಂಗಿ ಶೋಭಾ ಬಂದು ಮನೆಯಲ್ಲಿ ನಿಂತಳು. ‘ಹೋಗಿ ಬಾ ಅಕ್ಕಾ, ಫಿಕರ್ ಮಾಡಬ್ಯಾಡ. ನಾ ಇದ್ದೀನಲ್ಲ’ ಎಂದಳು. ಅವ್ವ ಬಾಗಿಲಲ್ಲಿ ಕೂತಿದ್ದಳು. ಕಾಲು ಮುಟ್ಟಿದಾಗ ತಲೆಯ ಮೇಲೆ ಕೈ ಇಟ್ಟಳು. ‘ಜ್ವಾಕಿ’, ಹುಷಾರು, ಎನ್ನಬೇಕಿತ್ತು, ಪ್ರತಿ ಸಲ ಅನ್ನುತ್ತಿದ್ದಳು. ಆ ಒಂದು ಶಬ್ದವಿಲ್ಲದೆ ನಾನು ಊರು ಬಿಟ್ಟೆ. ಹೈದರಾಬಾದಿನ ತನಕ ದಾರಿಯುದ್ದಕ್ಕೂ ಏನೋ ಮರೆತು ಬಂದಂತೆ ಬ್ಯಾಗು ತಡವುತ್ತಿದ್ದೆ.

ಡೆಲೋರಿಸ್ ಮನೆ

ನನ್ನನ್ನು ಇಟ್ಟುಕೊಂಡವಳು ಡೆಲೋರಿಸ್. ಆಫ್ರಿಕನ್ ಅಮೆರಿಕನ್ ಹೆಂಗಸು, ಗಂಡನಿಲ್ಲ, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಇಡೀ ಊರಿನ ಮಕ್ಕಳನ್ನು ಕನ್ನಡಿಯಲ್ಲೇ ಗದರಿಸಿ ಬೆಳೆಸಿದ್ದೇನೆ ಎಂದು ಹೆಮ್ಮೆ ಅವಳಿಗೆ. ಅವಳ ಇಂಗ್ಲಿಷು ನಾನು ಕಲಿಸುವ ಇಂಗ್ಲಿಷಲ್ಲ. ಅದಕ್ಕೆ ಒಂದು ಎಳೆತ, ಒಂದು ಒರಟು ಅಕ್ಕರೆ ಇತ್ತು. ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಾಗಿಯೇ ಬಿತ್ತು, ಬಿದ್ದ ಹಾಗೆಯೇ ಬರೆಯುತ್ತೇನೆ. ವ್ಯಾಕರಣದವರು ಕ್ಷಮಿಸಲಿ.

ಮೊದಲ ಬೆಳಿಗ್ಗೆ ತಾಟಿನಲ್ಲಿ ಬಿಳಿ ನುಚ್ಚು ಬಂತು. ಗೋವಿನಜೋಳದ್ದು; ಅವರು ಅದಕ್ಕೆ ಬೆಣ್ಣೆ ಹಾಕಿ ತಿನ್ನುತ್ತಾರೆ. ನನಗೆ ನುಚ್ಚು ಕಂಡರೆ ಕೈ ತಾನಾಗಿ ಮಜ್ಜಿಗೆ ಹುಡುಕುತ್ತದೆ. ಫ್ರಿಜ್ಜಿನಲ್ಲಿ ಮಜ್ಜಿಗೆಯ ಡಬ್ಬಿ ಇತ್ತು, ಧಾರಾಳವಾಗಿ ಸುರಿದುಕೊಂಡೆ. ಅದು ಮೊಸರಿಗಿಂತ ದಪ್ಪ, ರೊಟ್ಟಿಯ ಹಿಟ್ಟು ಕಲಸಲು ತಂದದ್ದು. ಡೆಲೋರಿಸ್ ಬೆಪ್ಪಾಗಿ ನೋಡಿದಳು. ಆಮೇಲೆ ಕುರ್ಚಿ ಎಳೆದು ಎದುರು ಕೂತಳು.

‘ನಮ್ಮಪ್ಪ ಹಿಂಗೇ ಉಣ್ತಿದ್ದ ನೋಡು, ಜ್ವಾಳದ ರೊಟ್ಟಿ ಮುರದು ಮಜ್ಜಿಗ್ಯಾಗ ಹಾಕಿ. ಆಂವ ಹ್ವಾದ ಮ್ಯಾಲ ಈ ಮನ್ಯಾಗ ಯಾರೂ ಹಿಂಗ ಉಂಡಿಲ್ಲ. ಇನ್ನೂ ಹಾಕ್ಕೋ ತಂಗಿ.’

ಬೇಡ ಎನ್ನುವ ಧೈರ್ಯ ಬರಲಿಲ್ಲ. ಅಲ್ಲಿದ್ದಷ್ಟು ದಿನವೂ ಆ ದಪ್ಪ ಮಜ್ಜಿಗೆ ನನ್ನ ಪಾಲಿಗೆ ಬಂತು.

ಅಲ್ಲಿಯ ಮಣ್ಣು ಕೆಂಪು, ಬೀದರಿನ ಸುತ್ತಲಿನ ಹಾಗೆ. ಹಿತ್ತಿಲಲ್ಲಿ ಬೆಂಡೆ, ಅಲಸಂದಿ. ಸೊಪ್ಪನ್ನು ಹೊತ್ತುಗಟ್ಟಲೆ ಕುದಿಸಿ ಕುದಿಸಿ ಉಣ್ಣುತ್ತಾರೆ. ನಮ್ಮ ಪುಂಡಿಪಲ್ಯದ ಹುಳಿ ಒಂದು ಬಿಟ್ಟರೆ ಉಳಿದದ್ದೆಲ್ಲ ಇತ್ತು. ಊರು ಹೀಗೆ ಅರ್ಧ ನಮ್ಮದಾಗಿ, ಅರ್ಧ ಆಗದೆ ಇರುವುದು ಪೂರ್ತಿ ಪರದೇಶಕ್ಕಿಂತ ಕಷ್ಟ. ಪೂರ್ತಿ ಪರದೇಶವಾಗಿದ್ದರೆ ಮನೆ ನೆನಪಾಗಲು ಅಷ್ಟು ಜಾಗ ಇರುತ್ತಿರಲಿಲ್ಲ.

ಮೊದಲ ಭಾನುವಾರ

‘ಚರ್ಚಿಗಿ ಬರ್ತೀ ಇಲ್ಲೋ?’ ಎಂದು ಡೆಲೋರಿಸ್ ಕೇಳಿದ ರೀತಿಯಲ್ಲಿ ಇಲ್ಲ ಎನ್ನಲು ಜಾಗವಿರಲಿಲ್ಲ. ನಾವು ಬೌದ್ಧರು, ನಮಗೆ ವಿಹಾರ ಎಂದೆ. ‘ಬುದ್ಧಪ್ಪ ಬ್ಯಾಡ ಅಂತಾನೇನು?’ ಎಂದಳು. ಇಲ್ಲ, ಅವನು ಅಂಥವನಲ್ಲ ಎಂದು ಸೀರೆ ಉಟ್ಟೆ.

ಕೆಂಪು ಇಟ್ಟಂಗಿಯ ಕಟ್ಟಡ, ಎತ್ತರವಿಲ್ಲ, ಬಾಗಿಲು ಮಾತ್ರ ಅಗಲ. ಬಾಗಿಲಲ್ಲಿ ಬಿಳಿ ಕೈಗವಸಿನ ಹೆಂಗಸರು ನಿಂತು, ಯಾರು ಎಲ್ಲಿ ಕೂಡಬೇಕು ಎಂದು ಕೈಯಲ್ಲೇ ತೋರಿಸುತ್ತಿದ್ದರು. ಎಲ್ಲರ ಕೈಯಲ್ಲೂ ರಟ್ಟಿನ ಬೀಸಣಿಗೆ. ಡೆಲೋರಿಸ್ ಮುಂದಿನ ಸಾಲಿನ ಒಬ್ಬ ಮುದುಕಿಯನ್ನು ತೋರಿಸಿ ‘ಮದರ್ ರೂಬಿ’ ಎಂದಳು. ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ, ತಲೆಯ ಮೇಲೆ ಬಿಳಿ ಟೋಪಿ. ಡೆಲೋರಿಸಳ ತಾಯಿ ಇರಬೇಕೆಂದು ನಾನು ಎದ್ದು ಹೋಗಿ ಕಾಲು ಮುಟ್ಟಿದೆ. ಅಷ್ಟರಲ್ಲಿ ಒಬ್ಬ ನೆರೆತಲೆಯವನು ಬಂದು ಆಕೆಯನ್ನು ‘ಮದರ್’ ಎಂದ. ಹಿಂದೆಯೇ ಇನ್ನೊಬ್ಬಳು. ಎಷ್ಟು ಮಕ್ಕಳಪ್ಪ ಈ ತಾಯಿಗೆ ಎಂದುಕೊಂಡೆ. ಆಮೇಲೆ ತಿಳಿಯಿತು, ಚರ್ಚಿನ ಹಿರಿಯ ಹೆಂಗಸರಿಗೆ ಎಲ್ಲರೂ ತಾಯಿ ಎನ್ನುತ್ತಾರೆ. ನಮ್ಮ ಓಣಿಯಲ್ಲೂ ಹಿರಿಯಳಿಗೆ ಎಲ್ಲರೂ ಆಯಿ ಎನ್ನುವುದಿಲ್ಲವೇ? ಕಾಲು ಮುಟ್ಟಿದ್ದು ತಪ್ಪಾಗಲಿಲ್ಲ. ಮುದುಕಿ ನನ್ನ ಗಲ್ಲ ಹಿಡಿದು ನಕ್ಕಳು, ಏನೂ ಅನ್ನಲಿಲ್ಲ.

ತಪ್ಪಾದದ್ದು ಮುಂದೆ. ಪಾದ್ರಿಯವರ ಪ್ರವಚನ ಜೋರಾಗಿ ನಡೆದಿತ್ತು. ನಮ್ಮ ಸಾಲಿನ ಒಬ್ಬ ದೊಡ್ಡ ಮನುಷ್ಯ ಎದ್ದು ನಿಂತು ತೋರುಬೆರಳು ಎತ್ತಿದ, ನನ್ನ ಕಡೆಗೇ ನೋಡಿದ. ಇಷ್ಟು ವರ್ಷದ ಮಾಸ್ತರಿಕೆ ಎಲ್ಲಿಗೆ ಹೋಗುತ್ತದೆ? ಬೆರಳು ಕಂಡ ಕೂಡಲೇ ನಾನು ಗಂಭೀರವಾಗಿ ತಲೆಯಾಡಿಸಿ ‘ಹೋಗಿ ಬಾ, ಲಗೂನ ಬಾ’ ಎಂದು ಕೈ ಮಾಡಿದೆ. ಡೆಲೋರಿಸ್ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಲುಕುಲು ಅಲುಗಿದಳು. ನಡುವೆ ಎದ್ದು ಹೋಗುವವರು ಅಲ್ಲಿ ಹಾಗೆ ಬೆರಳೆತ್ತಿ ಹೋಗುವುದು ವಾಡಿಕೆ, ಯಾರ ಅಪ್ಪಣೆಯೂ ಬೇಕಿಲ್ಲ. ಆ ಮನುಷ್ಯ ಹೊರಗೆ ಹೋಗಿ, ನಾನು ಹೇಳಿದಂತೆ ಲಗೂನ ಬಂದ.

‘ಎಲ್ಲಿಂದ ಬಂತೋ ಈ ಬೆರಳು, ಯಾರಿಗೂ ಖರೇ ಗೊತ್ತಿಲ್ಲ’ ಎಂದಳು ಡೆಲೋರಿಸ್ ಆಮೇಲೆ. ‘ಗುಲಾಮರಿದ್ದಾಗ ಏಳಲಿಕ್ಕೂ ಅಪ್ಪಣಿ ಬೇಕಿತ್ತು, ಆವಾಗಿಂದು ಅಂತ ನಮ್ಮಜ್ಜಿ ಅಂತಿದ್ಲು.’ ಅವಳು ನಗುತ್ತಲೇ ಹೇಳಿದಳು. ನನಗೆ ನಗು ನಿಂತಿತು.

ಹೊಸಬರು ಎದ್ದು ಹೆಸರು, ಊರು, ತಮ್ಮ ಚರ್ಚು ಯಾವುದು ಹೇಳಬೇಕು. ಇದೂ ಅಲ್ಲಿಯ ವಾಡಿಕೆ. ನಾನು ಎದ್ದೆ. ನನ್ನ ಹೆಸರು ಸುಮಿತ್ರಾ, ಊರು ಭಾಲ್ಕಿ ಎಂದೆ. ಚರ್ಚಿಲ್ಲ, ವಿಹಾರವಿದೆ ಎಂದೆ. ಅಷ್ಟಕ್ಕೆ ಕೂಡಬಹುದಿತ್ತು. ಅದೇನಾಯಿತೋ, ನಮ್ಮಜ್ಜನ ಕಾಲಕ್ಕೆ ನಮ್ಮವರು ಗುಡಿಯ ಪೌಳಿಯ ಹೊರಗೆ ನಿಂತು ಕೈ ಮುಗಿಯಬೇಕಿತ್ತು, ಆಮೇಲೆ ಹೊರಗೆ ನಿಲ್ಲುವುದು ಸಾಕೆಂದು ತಮ್ಮದೇ ಒಂದು ಕಟ್ಟಿಕೊಂಡರು ಎಂದುಬಿಟ್ಟೆ. ಹಿಂದಿನಿಂದ ಯಾರೋ ‘ಹೌದವ್ವ, ಹೇಳು!’ ಎಂಬಂತೆ ಕೂಗಿದರು, ಇಡೀ ಚರ್ಚು ಚಪ್ಪಾಳೆ ತಟ್ಟಿತು. ಭಾಷಣಕ್ಕೆ ಇಂಥ ಚಪ್ಪಾಳೆ ನನಗೆ ಶಾಲೆಯ ಯಾವ ಗ್ಯಾದರಿಂಗಿನಲ್ಲೂ ಬಿದ್ದಿಲ್ಲ.

ಇಟ್ಟಂಗಿಯ ಗೋಡೆ

ಚಪ್ಪಾಳೆ ಯಾಕೆ ಎಂಬುದನ್ನು ಡೀಕನ್ ಏಮಸ್ ತಿಳಿಸಿದರು. ಚರ್ಚಿನ ಹಿರಿಯರು, ಸಣಕಲು ದೇಹ, ದೇಹಕ್ಕೆ ಹೊಂದದಂಥ ದೊಡ್ಡ ದನಿ. ಮಧ್ಯಾಹ್ನ ನನ್ನನ್ನು ಗೋಡೆಯ ಪಕ್ಕ ನಡೆಸಿಕೊಂಡು ಹೋದರು.

‘ನಮ್ಮ ಹಿರೇರು ಬಿಳೇರ ಚರ್ಚಿನ್ಯಾಗ ಅಟ್ಟದ ಮ್ಯಾಲ ಕೂಡಬೇಕಿತ್ರಿ. ಒಂದಿನ ಎಲ್ಲಾರೂ ಕೂಡಿ ಎದ್ದು ಹೊರಗ ಬಂದ್ರು. ಗುಡಿ ಎಲ್ಲಿಂದ ಬರ್ಬೇಕು? ತೊಪ್ಪಲ ಕಡದು ಹಂದರ ಹಾಕಿದ್ರು. ಆಮ್ಯಾಲ ಕಟಗೀದು ಕಟ್ಟಿದ್ರು, ಅದಕ ಯಾರೋ ಬೆಂಕಿ ಹಚ್ಚಿದ್ರು. ಬೆಂಕಿ ಹತ್ತಲಾರದ್ದು ಕಟ್ಟೋಣ ಅಂತ ಇಟ್ಟಂಗಿ ತಾವೇ ಸುಟ್ರು.’

ಕೆಳಗಿನ ಕೋಣೆಯಲ್ಲಿ ಶಾಲೆ ನಡೆಯುತ್ತಿತ್ತಂತೆ. ಮತದ ಹಕ್ಕಿಗೆ ಹೋರಾಡಿದ ಕಾಲದಲ್ಲಿ ಸಭೆಗಳೂ ಅಲ್ಲೇ. ಮದುವೆ, ಮಣ್ಣು, ಹಸಿದವರಿಗೆ ಊಟ, ಎಲ್ಲವೂ ಈ ನಾಲ್ಕು ಗೋಡೆಯೊಳಗೆ. ಈಗ ಹರೆಯದವರು ಕೆಲಸ ಹುಡುಕಿಕೊಂಡು ದೊಡ್ಡ ಶಹರಗಳಿಗೆ ಹೋಗಿದ್ದಾರೆ, ಬೆಂಚುಗಳು ಖಾಲಿ. ವರ್ಷಕ್ಕೊಂದು ಭಾನುವಾರ ಮಾತ್ರ ಎಲ್ಲರೂ ಮರಳಿ ಬರುತ್ತಾರೆ. ಅದಕ್ಕೆ ಮನೆಗೆ ಬರುವ ಭಾನುವಾರ ಎಂದೇ ಹೆಸರು.

ಏಮಸ್ ಗೋಡೆಗೆ ಕೈ ಹಚ್ಚಿ ನಿಂತಿದ್ದರು. ನಮ್ಮ ಅಜ್ಜ ವಿಹಾರದ ಪಾಯಕ್ಕೆ ಕಲ್ಲು ಹೊತ್ತದ್ದನ್ನು ಅವ್ವ ಹಾಡಿನಲ್ಲಿ ಸೇರಿಸಿ ಹೇಳುತ್ತಿದ್ದಳು. ಆ ಸಾಲು ಯಾವುದು ಎಂದು ಅಲ್ಲೇ ನಿಂತು ನೆನೆಸಿಕೊಂಡೆ. ನೆನಪಾಗಲಿಲ್ಲ. ನಾವು ಹಿಂದೆ ಅನ್ನುತ್ತಿದ್ದ ಸೊಲ್ಲು ಮಾತ್ರ ನೆನಪಿತ್ತು. ಮುಂದಿನ ಸಾಲುಗಳೆಲ್ಲ ಅವ್ವನ ಹತ್ತಿರವೇ ಉಳಿದಿದ್ದವು, ಅವ್ವನ ಬಾಯಿ ಮುಚ್ಚಿತ್ತು.

ಮನೆಗೆ ಬರುವ ಭಾನುವಾರ

ಆ ದಿನ ಚರ್ಚಿನ ಅಂಗಳ ತುಂಬ ಕಾರು. ಬೆಂಚು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಹೊರಗೆ ಮರದ ಕೆಳಗೆ ಉದ್ದಕ್ಕೆ ಮೇಜು ಹಾಕಿ, ಮನೆಮನೆಯ ಅಡಿಗೆ ಮುಚ್ಚಿಟ್ಟಿದ್ದರು. ಯಾರದು ಯಾವ ಪಾತ್ರೆ ಎಂದು ಹೆಂಗಸರಿಗೆಲ್ಲ ಗೊತ್ತು, ಯಾರ ಪಾತ್ರೆ ಮೊದಲು ಬರಿದಾಗುತ್ತದೆ ಎಂಬುದರ ಮೇಲೆ ಕಣ್ಣು. ಇದೊಂದು ವಿಷಯದಲ್ಲಿ ಭಾಲ್ಕಿಗೂ ಅಮೆರಿಕಕ್ಕೂ ಕೂದಲೆಳೆಯಷ್ಟೂ ಫರಕಿಲ್ಲ.

ಒಳಗೆ ಮದರ್ ರೂಬಿಯ ಸುತ್ತ ದೂರದಿಂದ ಬಂದವರು ಮುತ್ತಿದ್ದರು. ಯಾರು ಏನು ಕೇಳಿದರೂ ಮುದುಕಿ ಕೈ ಹಿಡಿದು ನಗುತ್ತಿದ್ದಳು ಅಷ್ಟೆ. ‘ಆಯಿ ಮಾತಾಡಂಗಿಲ್ಲೇನು?’ ಎಂದೆ.

‘ಲಕ್ವಾ ಹೊಡದದ ತಂಗಿ’ ಎಂದಳು ಡೆಲೋರಿಸ್. ‘ತನ್ನ ಹೆಸರ ಸೈತ ಹೇಳಲಿಕ್ಕಿ ಬರಂಗಿಲ್ಲ.’

ಬೀಸಣಿಗೆ ಬೀಸುತ್ತಿದ್ದ ನನ್ನ ಕೈ ನಿಂತಿತು.

ಆಗ ಡೀಕನ್ ಏಮಸ್ ಎದ್ದರು. ಪಿಯಾನೊ ಇಲ್ಲ, ತಾಳವಿಲ್ಲ. ಒಂದು ಸಾಲನ್ನು ಅರ್ಧ ಮಾತು ಅರ್ಧ ರಾಗದಲ್ಲಿ, ಬೇಗ ಬೇಗ ಎಸೆದರು. ಇಡೀ ಸಭೆ ಅದನ್ನೇ ಹಿಡಿದು, ನಿಧಾನಕ್ಕೆ, ಎಳೆದು ಎಳೆದು ಹಾಡಿತು. ಅವರು ಮತ್ತೊಂದು ಸಾಲು ಕೊಟ್ಟರು, ಇವರು ತೆಗೆದುಕೊಂಡರು. ಓದು ಕಲಿಯಗೊಡದ ಕಾಲದಲ್ಲಿ, ಪುಸ್ತಕ ಒಬ್ಬರ ಹತ್ತಿರ ಇದ್ದರೆ ಹೆಚ್ಚು ಎನ್ನುವಾಗ ಹುಟ್ಟಿದ ರೀತಿಯಂತೆ ಅದು. ಒಬ್ಬರು ಸಾಲು ಕೊಡುವುದು, ಉಳಿದವರು ಹಾಡುವುದು. ಕಣ್ಣು ಮುಚ್ಚಿದರೆ ನಾನು ಸಾಯಗಾಂವದ ಪಡಸಾಲೆಯಲ್ಲಿದ್ದೆ.

ಕಣ್ಣು ತೆರೆದಾಗ ಮದರ್ ರೂಬಿ ಹಾಡುತ್ತಿದ್ದಳು.

ಗುನುಗಲ್ಲ, ಹಾಡು. ಶಬ್ದ ಶಬ್ದವೂ ಸ್ಪಷ್ಟ. ಏಮಸ್ ಸಾಲು ಕೊಟ್ಟ ಕೂಡಲೇ ಬಿಳಿ ಟೋಪಿ ಮೇಲೇಳುತ್ತಿತ್ತು, ಬಾಯಿ ತೆರೆಯುತ್ತಿತ್ತು, ಪೂರ್ತಿ ಸಾಲು ಹೊರಗೆ ಬರುತ್ತಿತ್ತು. ಮುಗಿದಾಗ ಪಕ್ಕದಲ್ಲಿದ್ದ ಮೊಮ್ಮಗಳು ಏನೋ ಕೇಳಿದಳು. ಮುದುಕಿ ಮತ್ತೆ ಬರೀ ನಕ್ಕಳು. ನಾನು ಅತ್ತೆ. ಹತ್ತಿಕ್ಕಿಕೊಂಡು ಅಲ್ಲ, ಬಿಕ್ಕಿ ಬಿಕ್ಕಿ. ಬಿಳಿ ಕೈಗವಸಿನವಳು ಬಂದು ಬೆನ್ನು ನೇವರಿಸಿ ಕಾಗದದ ಕರವಸ್ತ್ರ ಕೊಟ್ಟಳು. ದೇವರು ಮುಟ್ಟಿದ್ದಾನೆಂದು ಆಕೆ ತಿಳಿದಿರಬೇಕು. ನನಗೆ ಆಗ ಬೇಕಾಗಿದ್ದವಳು ಅವ್ವ.

ಊಟದ ಮೇಜಿನ ಹತ್ತಿರ ಏಮಸ್‌ರನ್ನು ಹಿಡಿದೆ. ಅವ್ವನ ವಿಷಯ ಹೇಳಿ, ಇದು ಹೇಗೆ ಎಂದು ಕೇಳಿದೆ.

‘ಹ್ಯಾಂಗ ಅಂದ್ರ ನಾ ಏನು ಡಾಕ್ಟರ್ ಏನ್ರಿ?’ ಎಂದರು. ‘ನಾವು ಆಕೀಗಿ ಹಾಡು ಅಂತ ಅನ್ನಂಗಿಲ್ಲ, ಮಾತಾಡು ಅಂತನೂ ಅನ್ನಂಗಿಲ್ಲ. ನಾ ಸಾಲು ಕೊಡ್ತೇನಿ. ಸಾಲು ಬಂದ ಮ್ಯಾಲ ಸುಮ್ಮ ಕೂಡೋದು ಆಕೀಗಿ ಹುಟ್ಟಿದಾಗಿಂದ ರೂಢಿ ಇಲ್ಲ. ನಿಮ್ಮವ್ವಗ ಸಾಲು ಯಾರು ಕೊಡ್ತಾರ?’

‘ನಮ್ಮವ್ವನೇ ಎಲ್ಲಾರಿಗೂ ಕೊಡ್ತಿದ್ಲು.’

‘ಹಂಗಾದ್ರ ಈಗ ನೀವು ಕೊಡ್ರಿ’ ಎಂದು ಕೋಳಿಯ ತುಂಡನ್ನು ನನ್ನ ತಟ್ಟೆಗೆ ಹಾಕಿ ಮುಂದೆ ಹೋದರು.

ಮತ್ತೆ ಡೆಲೋರಿಸ್ ಮನೆ

ಅದೇ ಸಂಜೆ, ಭಾಲ್ಕಿಯಲ್ಲಿ ಬೆಳಗಾಗುವುದನ್ನು ಕಾದು ವಿಡಿಯೋ ಕಾಲ್ ಮಾಡಿದೆ. ಶೋಭಾ ಫೋನನ್ನು ಅವ್ವನ ಎದುರು ಹಿಡಿದಳು. ಡೆಲೋರಿಸಳ ಅಡಿಗೆಮನೆಯಲ್ಲಿ ನಿಂತು ಹೇಗೋ ನೆನಪಿಗೆ ತಂದುಕೊಂಡ ಒಂದೇ ಒಂದು ಸಾಲು ಎತ್ತಿದೆ. ಆ ಕಡೆಯಿಂದ ಫ್ಯಾನಿನ ಸದ್ದು, ಯಾರದೋ ಮನೆಯ ಕುಕ್ಕರಿನ ಸೀಟಿ. ಮತ್ತೊಮ್ಮೆ ಹಾಡಿದೆ. ಅವ್ವ ಫೋನಿನ ಹಿಂದೆ ಇಣುಕಿದಳು, ನಾನು ಅಲ್ಲೆಲ್ಲೋ ಅಡಗಿದ್ದೇನೆ ಎಂಬಂತೆ.

‘ಬಾಯಿ ತೆಗಿಯವಲ್ಲಳು ಅಕ್ಕಾ’ ಎಂದಳು ಶೋಭಾ. ‘ನಿನ್ನ ಹುಡುಕಲಕತ್ತಾಳ. ಯಾಕ ಸುಮ್ಮ ಆಕೀಗಿ ಗಾಬರಿ ಮಾಡ್ತಿ?’

ಫೋನು ಇಟ್ಟ ಮೇಲೆ ಡೆಲೋರಿಸ್ ಸಿಹಿ ಚಹಾದ ಲೋಟ ಮುಂದೆ ಇಟ್ಟಳು, ಬರ್ಫ ಹಾಕಿದ ಚಹಾ. ತಣ್ಣಗಿನ ಚಹಾ ಕುಡಿಯುವವರ ಮೇಲೆ ನನಗಿದ್ದ ಕೋಪವೆಲ್ಲ ಆ ಹೊತ್ತು ಮರೆತೆ. ಎದುರು ಕೂತು ಅಂದಳು, ‘ತಂಗಿ, ಫೋನಿನ್ಯಾಗ ಚರ್ಚು ನಡ್ಯಂಗಿಲ್ಲ. ಬಾಜೂಕ ಕೂತ ಮಂದೀದು ಉಸಿರು ತಾಕಬೇಕು.’

ಉಳಿದ ದಿನಗಳಲ್ಲಿ ಶಾಲೆ ನೋಡಿದೆ, ಪಾಠ ನೋಡಿದೆ, ಎಲ್ಲರೂ ಒಳ್ಳೆಯವರು. ನನ್ನ ಜೀವ ಮಾತ್ರ ಭಾಲ್ಕಿಯ ಬಾಗಿಲಲ್ಲಿ ಕೂತಿತ್ತು. ಬಿಡುವು ಸಿಕ್ಕರೆ ಅವ್ವನ ಸಾಲುಗಳನ್ನು ಹೆಕ್ಕುತ್ತಿದ್ದೆ. ಬಸ್ಸಿನಲ್ಲಿ ಒಂದು ಸಿಕ್ಕಿತು, ಪಾತ್ರೆ ತೊಳೆಯುವಾಗ ಇನ್ನೊಂದರ ಅರ್ಧ ಸಿಕ್ಕಿತು. ಹೊರಡುವ ದಿನ ಡೆಲೋರಿಸ್ ಅಪ್ಪಿಕೊಂಡು ‘ಜ್ವಾಕಿ’ ಎಂದಳು. ಇಂಗ್ಲಿಷಿನಲ್ಲಿ ಬೇರೇನೋ ಅಂದಿರಬೇಕು, ನನಗೆ ಕೇಳಿದ್ದು ಇದೇ.

ಮನೆ

ಬಂದ ಮರುದಿನ ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿ ಪಡಸಾಲೆಯಲ್ಲಿ ಇಟ್ಟೆ. ಹಿಟ್ಟಿನ ಗಿರಣಿ ಓಣಿಯಲ್ಲೇ ಇರುವಾಗ ಇದೇನು ಹೊಸ ಹುಚ್ಚು ಎಂದು ಶೋಭಾ ಬಾಯಿ ಮಾಡಿದಳು, ‘ಅಮೆರಿಕಕ ಹೋಗಿ ಬೀಸಲಿಕ್ಕಿ ಕಲ್ತು ಬಂದೀಯೇನು?’ ಅವ್ವನನ್ನು ಎದುರಿಗೆ ಕೂಡಿಸಿದೆ. ಗೂಟಕ್ಕೆ ಅವಳ ಎಡಗೈ, ನನ್ನ ಬಲಗೈ. ಮುಷ್ಟಿ ಜೋಳ ಹಾಕಿ ತಿರುಗಿಸಿದೆವು. ಕಲ್ಲು ಗುರುಗುಟ್ಟಿತು, ಬಿಳಿ ಹಿಟ್ಟು ಸುತ್ತ ಬೀಳತೊಡಗಿತು. ಅವಳ ಉಸಿರು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ. ಸಾಲು ಕೊಟ್ಟೆ.

‘ಕಮಠಾಣದ ದಾರ್ಯಾಗ ಕೆಮ್ಮಣ್ಣು ಕಾಲ್ತುಂಬ...’

ಕಲ್ಲು ತಿರುಗಿತು. ಏನೂ ಬರಲಿಲ್ಲ. ಮತ್ತೆ ಕೊಟ್ಟೆ. ಅವ್ವ ತಲೆ ತಗ್ಗಿಸಿದಳು. ಮೂರನೆಯ ಸಲ ನನ್ನ ದನಿಯೇ ಒಡೆಯಿತು, ಸಾಲು ನಡುವೆ ನಿಂತಿತು. ಆ ನಿಂತ ಜಾಗದಲ್ಲಿ, ಕಲ್ಲಿನ ಸದ್ದಿಗಿಂತ ತುಸು ಮೇಲೆ, ನಾವು ಹಿಂದೆ ಅನ್ನುತ್ತಿದ್ದ ಸೊಲ್ಲು ಒರಟು ದನಿಯಲ್ಲಿ ಬಂತು.

‘ತವರೀಗಿ ಬಂದೇನಿ... ಬಾಗಿಲ ತೆರಿಯವ್ವ...’

ಶೋಭಾ ಅಡಿಗೆಮನೆಯಿಂದ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಕೈ ನಿಲ್ಲಿಸಲಿಲ್ಲ, ನಿಲ್ಲಿಸಲು ಹೆದರಿಕೆ. ನೆನಪಿದ್ದ ಇನ್ನೊಂದು ಸಾಲು ಕೊಟ್ಟೆ, ಅವ್ವ ತೆಗೆದುಕೊಂಡಳು. ಅರ್ಧ ನೆನಪಿದ್ದುದಕ್ಕೆ ಏನೋ ಜೋಡಿಸಿ ಕೊಟ್ಟೆ, ಅದನ್ನೂ ತೆಗೆದುಕೊಂಡಳು. ಅಲ್ಲಿಗೆ ನನ್ನ ಗಂಟು ಖಾಲಿ. ಅವ್ವ ಮುಂದಿನದಕ್ಕೆ ಕಾಯುತ್ತಿದ್ದಳು.

‘ಸಮುದರ ದಾಟೀನಿ, ಸಣ್ಣೂರ ಕಂಡೇನಿ’ ಎಂದೆ. ಬಾಗಿಲ ತೆರಿಯವ್ವ ಎಂದಳು ಅವ್ವ.

‘ಕೆಂಪಿಟ್ಟಂಗಿ ಗುಡಿಯಾಗ ಬಿಳಿ ಟೊಪಗಿ ಮುದುಕೆವ್ವ’ ಎಂದೆ. ಬಾಗಿಲ ತೆರಿಯವ್ವ ಎಂದಳು. ನುಚ್ಚು, ಮಜ್ಜಿಗೆ, ಎತ್ತಿದ ಬೆರಳು, ತಣ್ಣನೆಯ ಚಹಾ, ಮರದ ಕೆಳಗಿನ ಊಟ, ಎಲ್ಲವನ್ನೂ ಒಂದೊಂದೇ ಸಾಲು ಮಾಡಿ ಕೊಟ್ಟೆ. ನನ್ನ ಪ್ರವಾಸದ ಕಥೆಯನ್ನು ಅವ್ವನಿಗೆ ನಾನು ಹೇಳಿದ್ದು ಹೀಗೆ. ಒಂದೊಂದಕ್ಕೂ ಅವಳು ನನ್ನನ್ನೇ ನೋಡುತ್ತ, ನನ್ನನ್ನೇ ಅವ್ವ ಎಂದು ಕರೆದು, ಬಂದಿದ್ದೇನೆ, ಬಾಗಿಲು ತೆಗೆ ಎಂದಳು.

ನಡುವೆ ಕಲ್ಲು ನಿಲ್ಲಿಸಿ ‘ಅವ್ವಾ, ನೀರು ಬೇಕೇನು?’ ಎಂದು ಕೇಳಿ ನೋಡಿದೆ. ತುಟಿ ಅಲುಗಿತು, ಮಾತು ಬರಲಿಲ್ಲ. ಶೋಭಾ ನೀರು ತಂದುಕೊಟ್ಟಳು. ಮತ್ತೆ ಗೂಟ ಹಿಡಿದೆವು.

‘ಅಕ್ಕಾ, ಜ್ವಾಳ ಮುಗದಾವ’ ಎಂದಳು ಶೋಭಾ ಮೆಲ್ಲಗೆ. ಬುಟ್ಟಿ ಬರಿದಾಗಿತ್ತು. ಬರೀ ಬೀಸುಕಲ್ಲು ತಿರುಗಿಸಬಾರದು, ಮನೆಗೆ ಒಳ್ಳೆಯದಲ್ಲ ಎಂದು ಚಿಕ್ಕಂದಿನಲ್ಲಿ ನಮ್ಮಿಬ್ಬರ ಕೈ ಮೇಲೂ ಬಾರಿಸಿದವಳು ಅವ್ವ. ಅವಳು ಬುಟ್ಟಿ ನೋಡಿದಳು, ಕಲ್ಲು ನೋಡಿದಳು. ಗೂಟ ಬಿಡಲಿಲ್ಲ. ತಾನೇ ಒಂದು ಸುತ್ತು ಎಳೆದು, ನನ್ನ ಬಾಯಿಯನ್ನೇ ನೋಡುತ್ತ ಕೂತಳು. ನಾನು ಇನ್ನೊಂದು ಸಾಲು ಕೊಟ್ಟೆ.